ಹೆಬ್ಬೆರಳ ಬುಡದ ಕೀಲು ಸವೆತಕ್ಕೆ ಆಕ್ಯುಪೇಷನಲ್ ಥೆರಪಿ: ವರ್ಷ ದಾಟಿದ ಮೇಲೆ ನನ್ನ ವಿಮರ್ಶೆ

ಮೊದಲೇ ಹೇಳಿಬಿಡುತ್ತೇನೆ. ದಿನನಿತ್ಯದ ಕೆಲಸ ಮಾಡಿಕೊಳ್ಳಲು ನೆರವಾಗುವ ಈ ಥೆರಪಿಯಿಂದ ನನ್ನ ಕೀಲು ವಾಸಿಯಾಗಿಲ್ಲ, ಆಗುವುದೂ ಇಲ್ಲ. ಆದರೆ ಕೆಲಸ ಬಿಡಬೇಕಾದ ಪರಿಸ್ಥಿತಿ ತಪ್ಪಿತು. ನನ್ನ ಮಟ್ಟಿಗೆ ಅದು ಸಣ್ಣ ವಿಷಯವಲ್ಲ.

ನಾನು ಹೊಲಿಗೆ ಕೆಲಸದವಳು. ಕತ್ತರಿ, ಸೂಜಿ, ಗುಂಡುಸೂಜಿ, ಗುರುತು ಹಾಕುವ ಚಾಕ್, ಯಾವುದನ್ನು ಹಿಡಿದರೂ ಭಾರ ಬೀಳುವುದು ಹೆಬ್ಬೆರಳ ಮೇಲೆ. ಎರಡು ಪದರದ ದಪ್ಪ ಬಟ್ಟೆಗೆ ಕತ್ತರಿ ಹಾಕಿದಾಗ ಬಲಗೈ ಹೆಬ್ಬೆರಳ ಬುಡದಲ್ಲಿ, ಮಣಿಕಟ್ಟಿಗೆ ಸ್ವಲ್ಪ ಮೇಲೆ, ಆಳದಿಂದ ನೋವು ಏಳುತ್ತಿತ್ತು. ಆಮೇಲೆ ಬೀಗ ತಿರುಗಿಸಿದರೂ ನೋವು, ಡಬ್ಬಿಯ ಮುಚ್ಚಳ ತೆಗೆದರೂ ನೋವು, ಒದ್ದೆ ಬಟ್ಟೆ ಹಿಂಡುವುದಂತೂ ಬಿಟ್ಟೇಹೋಯಿತು. ಮೂಳೆ ವೈದ್ಯರು ಹೆಬ್ಬೆರಳನ್ನು ಒಳಕ್ಕೆ ಒತ್ತಿ ಮೆಲ್ಲನೆ ತಿರುಗಿಸಿದಾಗ ಕರಕರ ಎಂದಿತು. ಎಕ್ಸ್‌ರೇಯಲ್ಲಿ ಕೀಲಿನ ಸಂದು ಹೆಚ್ಚುಕಡಿಮೆ ಮುಚ್ಚಿಹೋಗಿತ್ತು, ಅಂಚಿನಲ್ಲಿ ಮೂಳೆ ಬೆಳೆದಿತ್ತು. ಈಟನ್ ಮತ್ತು ಲಿಟ್ಲರ್ ಎಂಬ ಇಬ್ಬರು ವೈದ್ಯರು 1973ರಲ್ಲಿ ಈ ಸವೆತವನ್ನು ನಾಲ್ಕು ಹಂತಗಳಾಗಿ ವಿಂಗಡಿಸಿದ್ದಾರೆ, ನನ್ನದು ಮೂರನೆಯದು. ಕೇಳಿ ಎದೆ ಧಸಕ್ಕೆಂದಿತ್ತು. ಎಕ್ಸ್‌ರೇಯ ಹಂತಕ್ಕೂ ನೋವಿನ ಪ್ರಮಾಣಕ್ಕೂ ನೇರ ಸಂಬಂಧವಿಲ್ಲ, ಚಿತ್ರ ಕೆಟ್ಟದಾಗಿದ್ದೂ ಆರಾಮಾಗಿರುವವರಿದ್ದಾರೆ ಎಂದು ವೈದ್ಯರು ಆಗಲೇ ಹೇಳಿದ್ದರು. ಅದು ನನಗೆ ಅರ್ಥವಾದದ್ದು ಬಹಳ ತಡವಾಗಿ.

ಈಗಿನ ಥೆರಪಿಸ್ಟ್ ಸಿಗುವುದಕ್ಕೆ ಮುಂಚೆ ಬೇರೆ ಕಡೆ ಹೋಗಿದ್ದೆ. ಅಲ್ಲಿ ವ್ಯಾಯಾಮದ ಚಿತ್ರಗಳಿದ್ದ ಒಂದು ಹಾಳೆ, ಮಣಿಕಟ್ಟನ್ನೂ ಸೇರಿಸಿ ಬಿಗಿಯುವ ಒಂದು ರೆಡಿಮೇಡ್ ಪಟ್ಟಿ ಕೊಟ್ಟು ಕಳಿಸಿದರು. ನಾನು ಏನು ಕೆಲಸ ಮಾಡುತ್ತೇನೆಂದು ಯಾರೂ ಕೇಳಲಿಲ್ಲ. ಮಣಿಕಟ್ಟು ಕಟ್ಟಿಹಾಕಿಕೊಂಡು ಹೊಲಿಯುವುದು ಹೇಗೆ? ಆ ಅನುಭವದ ಮೇಲೆಯೇ ಇದನ್ನೆಲ್ಲ ಕೈಬಿಡುವವಳಿದ್ದೆ.

ಈಗಿನವರು ಫೋನಿನಲ್ಲೇ ಹೇಳಿದರು, "ನೀವು ದಿನಾ ಹಿಡಿಯುವ ಸಾಮಾನೆಲ್ಲ ತನ್ನಿ. ಕತ್ತರಿ ಮರೆಯಬೇಡಿ." ಮೊದಲ ಭೇಟಿಯ ಅರ್ಧ ಹೊತ್ತು ಅವರು ನನ್ನ ಕೈ ಮುಟ್ಟಲೇ ಇಲ್ಲ. ಯಾವ ಯಾವ ಕೆಲಸ ಕಷ್ಟ, ಅದರಲ್ಲಿ ನನಗೆ ಮುಖ್ಯವಾದದ್ದು ಯಾವುದು, ಈಗ ಅದನ್ನು ಎಷ್ಟು ಚೆನ್ನಾಗಿ ಮಾಡಬಲ್ಲೆ ಎಂದು 1ರಿಂದ 10ರವರೆಗೆ ಅಂಕ ಹಾಕಿಸಿದರು. ಕತ್ತರಿಸುವುದು, ಕೈಹೊಲಿಗೆ, ಬೀಗ, ಬಟ್ಟೆ ಹಿಂಡುವುದು ಎಂದು ನನ್ನ ಪಟ್ಟಿ ಸಿದ್ಧವಾಯಿತು. ಮುಂದಿನ ಥೆರಪಿಯೆಲ್ಲ ಆ ಪಟ್ಟಿಯನ್ನು ಹಿಡಿದೇ ನಡೆಯಿತು. ಆಕ್ಯುಪೇಷನಲ್ ಥೆರಪಿ ಬೇರೆಯಾಗುವುದು ಇಲ್ಲೇ ಎಂದು ನನ್ನ ಅಭಿಪ್ರಾಯ. ಕೀಲನ್ನು ನೋಡುವುದಕ್ಕೆ ಬೇರೆಯವರಿದ್ದಾರೆ. ಇವರು ಆ ಕೀಲಿನಿಂದ ನಾವು ಮಾಡಿಸುತ್ತಿರುವ ಕೆಲಸವನ್ನು ನೋಡುತ್ತಾರೆ.

ನಂತರ ಕತ್ತರಿಸಿ ತೋರಿಸಿ ಎಂದರು. ನಾನು ಕತ್ತರಿಸುತ್ತಿದ್ದಂತೆ ಅವರು ತಮ್ಮ ಬೆರಳನ್ನು ನನ್ನ ಹೆಬ್ಬೆರಳ ನಡುಗೀಲಿನ ಮೇಲಿಟ್ಟು, "ಇಲ್ಲಿ ನೋಡಿ, ಒತ್ತಿದ ತಕ್ಷಣ ಇದು ಹಿಂದಕ್ಕೆ ಬಾಗುತ್ತಿದೆ, ಬುಡ ಹೊರಕ್ಕೆ ಉಬ್ಬುತ್ತಿದೆ" ಎಂದರು. ನಿಜ. ತುದಿ ಒಂದು ಕಡೆ, ನಡು ಒಂದು ಕಡೆ, ಬುಡ ಇನ್ನೊಂದು ಕಡೆ, ಇಡೀ ಹೆಬ್ಬೆರಳು ಅಂಕುಡೊಂಕಾಗಿ ಕುಸಿಯುತ್ತಿತ್ತು. ಇಷ್ಟು ವರ್ಷ ಅದೇ ಕೈಯನ್ನು ನೋಡುತ್ತಿದ್ದರೂ ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ಬುಡದ ಕೀಲು ಕುದುರೆಯ ಜೀನಿನ ಆಕಾರದ್ದು. ಮಣಿಕಟ್ಟಿನ ಟ್ರಪೀಸಿಯಂ ಎಂಬ ಪುಟ್ಟ ಮೂಳೆಯ ಮೇಲೆ ಹೆಬ್ಬೆರಳಿನ ಮೂಳೆ ಸವಾರನಂತೆ ಕೂತಿರುತ್ತದೆ. ಅದಕ್ಕೇ ಹೆಬ್ಬೆರಳು ಎಲ್ಲ ದಿಕ್ಕಿಗೂ ಆಡುತ್ತದೆ, ಅದಕ್ಕೇ ಬೇಗ ಜಾರುತ್ತದೆ ಕೂಡ. ಸುತ್ತಲಿನ ಅಸ್ಥಿಬಂಧಗಳು ಸಡಿಲವಾದರೆ ಹಿಡಿದಿಡಲು ಉಳಿಯುವುದು ಸ್ನಾಯುಗಳು ಮಾತ್ರ.

ಆಗ ಅವರು ಹೇಳಿದ ಒಂದು ಲೆಕ್ಕ ಇವತ್ತಿಗೂ ಕೆಲಸದ ಮಧ್ಯೆ ನೆನಪಾಗುತ್ತದೆ. ಕೂನಿ ಮತ್ತು ಚಾವೊ ಎಂಬ ಸಂಶೋಧಕರು 1977ರಲ್ಲಿ ಪ್ರಕಟಿಸಿದ್ದು: ಹೆಬ್ಬೆರಳ ತುದಿಯಲ್ಲಿ 1 ಕೆಜಿಯಷ್ಟು ಒತ್ತಿ ಹಿಡಿದರೆ ಬುಡದ ಕೀಲಿನ ಮೇಲೆ ಸುಮಾರು 12 ಕೆಜಿ ಬೀಳುತ್ತದೆ. ಅಂದರೆ ತುದಿಯಲ್ಲಿ ಒಂದು ಚೂರು ಉಳಿಸಿದರೂ ಬುಡದಲ್ಲಿ ಅದರ ಹನ್ನೆರಡರಷ್ಟು ಉಳಿತಾಯ. ಸಾಮಾನು ದಪ್ಪವಿರಲಿ, ಅಂಗೈಯಿಂದ ಹಿಡಿಯಿರಿ, ಎರಡೂ ಕೈ ಬಳಸಿ ಎಂಬ ಮಾತುಗಳಿಗೆಲ್ಲ ಬೆನ್ನೆಲುಬು ಇದೇ. ಇದು ತಲೆಗೆ ಹೋದ ಮೇಲೆ ಪ್ರತಿ ಸಲಹೆಯನ್ನೂ ಬಾಯಿಪಾಠ ಮಾಡಬೇಕಾಗಲಿಲ್ಲ.

ಸ್ಪ್ಲಿಂಟ್, ಅಂದರೆ ಕೀಲಿಗೆ ಆಧಾರವಾಗಿ ಕೈಗೆ ಹಾಕುವ ಪಟ್ಟಿಯ ಬಗ್ಗೆ ಎಲ್ಲರೂ ಕೇಳುತ್ತಾರೆ, ಅದಕ್ಕೇ ವಿವರವಾಗಿ ಬರೆಯುತ್ತೇನೆ. ತೆಳುವಾದ ಪ್ಲಾಸ್ಟಿಕ್ ಹಾಳೆಯನ್ನು ನನ್ನ ಕೈಯ ಅಳತೆಗೆ ಕತ್ತರಿಸಿ ಬಿಸಿನೀರಿನ ಟ್ರೇಯಲ್ಲಿ ಮುಳುಗಿಸಿದರು. ಅದು ಮೆತ್ತಗಾದ ಮೇಲೆ ನೀರು ಒರೆಸಿ, ಚರ್ಮಕ್ಕೆ ಹಿತವಾಗುವಷ್ಟು ಆರಲು ಬಿಟ್ಟು ಹೆಬ್ಬೆರಳಿಗೆ ಸುತ್ತಿದರು. ಲೋಟ ಹಿಡಿದಂತೆ ಕೈಯನ್ನು ದುಂಡಗೆ ಇಟ್ಟುಕೊಳ್ಳಲು ಹೇಳಿ, ಬುಡದ ಉಬ್ಬನ್ನು ತಮ್ಮ ಹೆಬ್ಬೆರಳಿಂದ ಮೆಲ್ಲಗೆ ಒತ್ತಿ ಹಿಡಿದರು. ಕೆಲವೇ ನಿಮಿಷಗಳಲ್ಲಿ ಗಟ್ಟಿಯಾಯಿತು. ಮಣಿಕಟ್ಟು ಮುಕ್ತ, ಹೆಬ್ಬೆರಳ ತುದಿಯ ಕೀಲೂ ಮುಕ್ತ, ಹಿಡಿದದ್ದು ಬುಡ ಮತ್ತು ನಡು ಮಾತ್ರ. ಮನೆಗೆ ಹೋಗಿ ಹಾಕಿ ತೆಗೆದ ಮೇಲೆ ಅರ್ಧ ಗಂಟೆಯಾದರೂ ಕೆಂಪು ಗುರುತು ಹೋಗದಿದ್ದರೆ ಬಂದು ಸರಿ ಮಾಡಿಸಿಕೊಳ್ಳಿ ಎಂದರು. ಹೋಗಬೇಕಾಯಿತು, ಅಂಚನ್ನು ಬಿಸಿ ಮಾಡಿ ಹೊರಕ್ಕೆ ಮಡಿಸಿದ ಮೇಲೆ ಸರಿಹೋಯಿತು.

ನನ್ನ ದೂರು ವೆಲ್ಕ್ರೋ ಮೇಲೆ. ಅದರ ಒರಟು ಭಾಗ ನಯವಾದ ಬಟ್ಟೆಗೆ ತಾಗಿದರೆ ಎಳೆ ಕಿತ್ತುಬರುತ್ತದೆ, ದಾರದ ಚೂರೆಲ್ಲ ಅದಕ್ಕೇ ಅಂಟಿಕೊಳ್ಳುತ್ತದೆ. ಹೊಲಿಯುವವರಿಗೆ ಇದು ನಿಜಕ್ಕೂ ದೊಡ್ಡ ತೊಂದರೆ. ಥೆರಪಿಸ್ಟ್ ಒರಟು ಭಾಗವನ್ನು ಚಿಕ್ಕದಾಗಿ ಕತ್ತರಿಸಿ ಮೂಲೆಗಳನ್ನು ದುಂಡಗೆ ಮಾಡಿ, ಮೆತ್ತನೆಯ ಪಟ್ಟಿ ಅದನ್ನು ಪೂರ್ತಿ ಮುಚ್ಚುವ ಹಾಗೆ ಅಂಟಿಸಿಕೊಟ್ಟರು. ಆದರೂ ಗಟ್ಟಿ ಸ್ಪ್ಲಿಂಟನ್ನು ಈಗ ರಾತ್ರಿ ಮಾತ್ರ ಹಾಕುತ್ತೇನೆ. ಹಗಲು ಭಾರದ ಕೆಲಸವಿದ್ದರೆ ನಿಯೋಪ್ರೀನ್ ಎಂಬ ರಬ್ಬರಿನಂಥ ವಸ್ತುವಿನ ಮೆತ್ತನೆಯದು. ಅದರಲ್ಲಿ ಬೆವರು ನಿಲ್ಲುತ್ತದೆ, ಆಗಾಗ ತೊಳೆಯಲೇಬೇಕು. ಗಟ್ಟಿಯದನ್ನು ಬಿಸಿಲಲ್ಲಿ ನಿಂತ ವಾಹನದೊಳಗೆ ಬಿಡಬೇಡಿ, ಆಕಾರ ಕೆಡುತ್ತದೆ.

ಸ್ಪ್ಲಿಂಟಿನಿಂದ ಎಷ್ಟು ಲಾಭ? ಫ್ರಾನ್ಸಿನಲ್ಲಿ 112 ಮಂದಿಯ ಮೇಲೆ ನಡೆದು 2009ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ರಾತ್ರಿ ಸ್ಪ್ಲಿಂಟ್ ಹಾಕಿದವರಿಗೆ ಒಂದು ತಿಂಗಳಲ್ಲಿ ಹೆಚ್ಚು ವ್ಯತ್ಯಾಸ ಕಾಣಲಿಲ್ಲ, ಹನ್ನೆರಡು ತಿಂಗಳಲ್ಲಿ ನೋವು ಕಡಿಮೆಯಾಗಿತ್ತು. ಬ್ರಿಟನ್ನಿನಲ್ಲಿ 349 ಮಂದಿಯ ಮೇಲೆ ನಡೆದ, 2021ರಲ್ಲಿ ಪ್ರಕಟವಾದ ಅಧ್ಯಯನ ಬೇರೆಯೇ ಹೇಳುತ್ತದೆ: ಎಲ್ಲರಿಗೂ ತಿಳಿವಳಿಕೆ ಮತ್ತು ವ್ಯಾಯಾಮ ಕೊಟ್ಟು, ಕೆಲವರಿಗೆ ನಿಜವಾದ ಸ್ಪ್ಲಿಂಟ್, ಕೆಲವರಿಗೆ ಆಧಾರ ಕೊಡದ ತೋರಿಕೆಯ ಸ್ಪ್ಲಿಂಟ್ ಕೊಟ್ಟಾಗ ಎರಡು ತಿಂಗಳಲ್ಲಿ ಸ್ಪ್ಲಿಂಟಿನಿಂದ ಹೆಚ್ಚುವರಿ ಲಾಭ ಕಾಣಲಿಲ್ಲ. ನನ್ನ ಅನುಭವಕ್ಕೆ ಎರಡೂ ಒಪ್ಪುತ್ತವೆ. ಮೊದಲ ವಾರಗಳಲ್ಲಿ ಅದು ಕೈಗೊಂದು ಅಡಚಣೆ ಅನ್ನಿಸಿತ್ತು. ಈಗ ಬೆಳಗ್ಗೆ ಎದ್ದಾಗ ಬುಡ ಹಗುರವಾಗಿರುತ್ತದೆ. ಆದರೆ ಸ್ಪ್ಲಿಂಟ್ ಒಂದನ್ನೇ ಕೊಂಡು ಥೆರಪಿ ಮುಗಿಯಿತು ಅಂದುಕೊಂಡರೆ ಹಣ ವ್ಯರ್ಥ.

ವ್ಯಾಯಾಮ ನೋಡಲು ಏನೂ ಇಲ್ಲದಂತಿದೆ. ತೋರುಬೆರಳಿಗೂ ಹೆಬ್ಬೆರಳಿಗೂ ನಡುವಿನ ಬಿಗಿದ ಮಾಂಸವನ್ನು ಇನ್ನೊಂದು ಕೈಯಿಂದ ಒತ್ತಿ ಸಡಿಲಿಸುವುದು. ಹೆಬ್ಬೆರಳ ಎಲ್ಲ ಕೀಲುಗಳನ್ನೂ ಸ್ವಲ್ಪ ಬಾಗಿಸಿ ತೋರುಬೆರಳ ತುದಿಗೆ ತಾಗಿಸಿ ಸೊನ್ನೆ ಮಾಡುವುದು, ನಡುಗೀಲು ಹಿಂದಕ್ಕೆ ಬೀಳದಂತೆ. ತೋರುಬೆರಳಿಗೆ ರಬ್ಬರ್ ಬ್ಯಾಂಡ್ ಹಾಕಿ ಹೆಬ್ಬೆರಳಿನ ಕಡೆಗೆ ಎಳೆಯುವುದು. ಅಲ್ಲಿ ಬಲಗೊಳ್ಳುವ ಸ್ನಾಯುವೇ ಬುಡದ ಮೂಳೆಯನ್ನು ಅದರ ಜಾಗದಲ್ಲಿ ಹಿಡಿಯಲು ನೆರವಾಗುತ್ತದೆ. ಪರಿಚಯದವರು ಕೊಟ್ಟಿದ್ದ ಹಿಸುಕುವ ಚೆಂಡನ್ನು ಪಕ್ಕಕ್ಕಿಡಿ ಎಂದರು: ನೋಯುವ, ಕುಸಿಯುವ ಹೆಬ್ಬೆರಳಿಗೆ ಬಲವಾದ ಹಿಡಿತ ಹೊರೆಯೇ ಹೊರತು ಬಲವಲ್ಲ. ವ್ಯಾಯಾಮದ ನೋವು ಎರಡು ಗಂಟೆ ಮೀರಿ ಉಳಿದರೆ ಮಾರನೆಯ ದಿನ ಕಡಿಮೆ ಮಾಡಿ ಎಂಬುದು ನಾನು ಪಾಲಿಸುವ ನಿಯಮ.

ನನಗೆ ಎಲ್ಲಕ್ಕಿಂತ ಹೆಚ್ಚು ದಕ್ಕಿದ್ದು ಸಾಮಾನಿನ ಬದಲಾವಣೆ. ಸ್ಪ್ರಿಂಗ್ ಇರುವ, ತಾನಾಗೇ ತೆರೆದುಕೊಳ್ಳುವ ಕತ್ತರಿ ಬಂದ ಮೇಲೆ ಪ್ರತಿ ಸಲ ಹೆಬ್ಬೆರಳಿಂದ ಎತ್ತಿ ತೆರೆಯುವ ಶ್ರಮ ತಪ್ಪಿತು. ಉದ್ದನೆಯ ನೇರ ಕತ್ತರಿಕೆಗೆ ಚಕ್ರದಂತೆ ಉರುಳುವ ಅಲಗಿನ ರೋಟರಿ ಕಟರ್, ಹಿಡಿ ಪೂರ್ತಿ ಅಂಗೈಯಲ್ಲಿ. ಗುಂಡುಸೂಜಿ ಚುಚ್ಚುವುದು ಕಷ್ಟವಾದವರಿಗೆ ಬಟ್ಟೆ ಹಿಡಿಯುವ ಕ್ಲಿಪ್ಪು ಬಳಸಿ ಎಂದು ಎಲ್ಲ ಕಡೆ ಹೇಳುತ್ತಾರೆ. ದಯವಿಟ್ಟು ಯೋಚಿಸಿ: ಆ ಕ್ಲಿಪ್ಪು ತೆರೆಯಲು ಬೇಕಾದದ್ದು ಹೆಬ್ಬೆರಳಿನ ಅದೇ ಒತ್ತು. ನಾನು ಕತ್ತರಿಸುವಾಗ ಪ್ಯಾಟರ್ನ್ ಮೇಲೆ ಭಾರದ ಬಿಲ್ಲೆಗಳನ್ನು ಇಡುತ್ತೇನೆ, ಏನನ್ನೂ ಚಿವುಟಬೇಕಾಗಿಲ್ಲ. ದಪ್ಪ ಬಟ್ಟೆಯಿಂದ ಸೂಜಿ ಎಳೆಯಲು ಬೆರಳಿಗೆ ರಬ್ಬರ್ ತುಂಡು. ಸೂಜಿ ಜಾರದಿದ್ದರೆ ಅರ್ಧ ಬಲ ಸಾಕು. ಬೀಗದ ಕೈಗೆ ಅಗಲದ ಹಿಡಿ. ಫೋನಿನಲ್ಲಿ ಹೆಬ್ಬೆರಳ ಬದಲು ತೋರುಬೆರಳು, ಉದ್ದದ ಸಂದೇಶವಾದರೆ ಮಾತಾಡಿ ಬರೆಸುವುದು. ಬಟ್ಟೆ ಹಿಂಡುವ ಬದಲು ನಲ್ಲಿಗೆ ಸುತ್ತಿ ಎರಡೂ ಅಂಗೈಯಿಂದ ಒಂದೇ ಕಡೆ ತಿರುಚುವುದು.

ಕಷ್ಟವಾದದ್ದು ಕೆಲಸವನ್ನು ಒಡೆದು ಮಾಡುವುದು. ಒಂದೇ ಕೂರಿಕೆಯಲ್ಲಿ ಕತ್ತರಿಸಿ ಮುಗಿಸುವ ಅಭ್ಯಾಸದವಳು ನಾನು. ಈಗ ಸ್ವಲ್ಪ ಕತ್ತರಿಸಿ, ಮಿಷನ್ ಮೇಲೆ ಕೂತು, ಮತ್ತೆ ಕತ್ತರಿಗೆ ಬರುತ್ತೇನೆ. ಒಪ್ಪಿಕೊಂಡ ಕೆಲಸ ರಾಶಿ ಬಿದ್ದಾಗ ಇದು ಮೊದಲು ಮುರಿಯುತ್ತದೆ, ಆ ವಾರ ನೋವೂ ಬರುತ್ತದೆ. ಅಂಥ ದಿನಗಳಲ್ಲಿ ಬೆಚ್ಚಗಿನ ನೀರು, ವೈದ್ಯರು ಹೇಳಿದ ಹಚ್ಚುವ ಜೆಲ್. ಕೈ ಸವೆತದ ಬಗ್ಗೆ ಯೂರೋಪಿನ ಸಂಧಿವಾತ ತಜ್ಞರ ಸಂಘಟನೆಯಾದ ಯೂಲಾರ್ 2018ರಲ್ಲಿ ಕೊಟ್ಟ ಶಿಫಾರಸಿನಲ್ಲೂ ನುಂಗುವ ನೋವಿನ ಮಾತ್ರೆಗಿಂತ ಮೊದಲು ಹಚ್ಚುವ ಔಷಧವೇ ಇದೆ. ತಿಳಿವಳಿಕೆ, ಸಹಾಯಕ ಸಾಮಾನು, ವ್ಯಾಯಾಮ, ಸ್ಪ್ಲಿಂಟ್ ನಾಲ್ಕೂ ಇವೆ.

ಕೊರತೆಗಳನ್ನೂ ಹೇಳಬೇಕು. ಮೂರು ತಿಂಗಳ ಹತ್ತಿರವಾಗುವವರೆಗೆ ನನಗೆ ಗಟ್ಟಿಯಾದ ಸುಧಾರಣೆ ಕಾಣಲಿಲ್ಲ; ಬೇಗ ಫಲ ಬೇಕೆನ್ನುವವರು ಬೇಸತ್ತುಹೋಗುತ್ತಾರೆ. ಆರಂಭದ ಭೇಟಿಗಳು ಮುಗಿದ ಮೇಲೆ ಮರುಪರೀಕ್ಷೆ ತುಂಬಾ ತಡವಾಗಿ ಸಿಕ್ಕಿತು. ಅಷ್ಟರಲ್ಲಿ ಸ್ಪ್ಲಿಂಟಿನ ಪಟ್ಟಿ ಹಿಡಿತ ಕಳೆದುಕೊಂಡಿತ್ತು, ಎಡಗೈ ಹೆಬ್ಬೆರಳು ಕೂಡ ಸಣ್ಣಗೆ ನೋಯತೊಡಗಿತ್ತು. ಬಲಗೈ ಉಳಿಸಲು ಎಡಗೈಗೆ ಹೊರಿಸುತ್ತಿದ್ದೇನೆ ಎಂದು ಥೆರಪಿಸ್ಟ್ ನೋಡಿದ ಕೂಡಲೇ ಹೇಳಿದರು. ಎರಡೂ ಕೈಗೆ ಮೊದಲಿನಿಂದಲೇ ಗಮನ ಕೊಟ್ಟಿದ್ದರೆ ಚೆನ್ನಾಗಿತ್ತು.

ಅಂಕಗಳ ಪಟ್ಟಿಯಲ್ಲಿ ಕತ್ತರಿಸುವುದು ಮೂರರಿಂದ ಏಳಕ್ಕೆ ಏರಿದೆ, ಕೈಹೊಲಿಗೆ ಆರರಲ್ಲಿದೆ, ಬಿಗಿಯಾದ ಮುಚ್ಚಳ ಇನ್ನೂ ಆಗದು. ಟ್ರಪೀಸಿಯಂ ಮೂಳೆಯನ್ನು ತೆಗೆಯುವ ಶಸ್ತ್ರಚಿಕಿತ್ಸೆಯ ಮಾತು ವೈದ್ಯರು ಎತ್ತಿದ್ದರು. ಅದರಿಂದ ನೋವು ಹೋದವರು ಬಹಳ ಮಂದಿ ಇದ್ದಾರೆ, ಆದರೆ ಕೈಗೆ ಪೂರ್ತಿ ಬಲ ಬರಲು ತಿಂಗಳುಗಳೇ ಬೇಕು. ಸದ್ಯಕ್ಕೆ ಬೇಡ ಎಂದಿದ್ದೇನೆ, ಆ ಬಾಗಿಲು ಮುಚ್ಚಿಲ್ಲ. ರಾತ್ರಿ ನಿದ್ದೆ ಕೆಡಿಸುವಷ್ಟು ನೋವು ಇರುವವರು, ಸ್ಪ್ಲಿಂಟ್ ಮತ್ತು ವ್ಯಾಯಾಮವನ್ನು ಸರಿಯಾಗಿ ಮಾಡಿಯೂ ತಿಂಗಳುಗಟ್ಟಲೆ ಬದಲಾವಣೆ ಕಾಣದವರು ಆ ಮಾತನ್ನು ಮುಂದೂಡಬೇಡಿ. ಬೆಳಗಿನ ಬಿಗಿತ ಬಹಳ ಹೊತ್ತು ಉಳಿದರೆ, ಹಲವು ಕೀಲುಗಳು ಒಟ್ಟಿಗೇ ಊದಿಕೊಂಡರೆ ಅದು ಬೇರೆ ಬಗೆಯ ಸಂಧಿವಾತವಿರಬಹುದು. ಮೊದಲು ವೈದ್ಯರಿಗೆ ತೋರಿಸಿ.

ಕೈಯಿಂದ ಕೆಲಸ ಮಾಡುವವರಿಗೆ ನಾನು ಇದನ್ನು ಮನಸಾರೆ ಶಿಫಾರಸು ಮಾಡುತ್ತೇನೆ. ಹೋಗುವಾಗ ನಿಮ್ಮ ಸಾಮಾನನ್ನು ಚೀಲದಲ್ಲಿ ಹಾಕಿಕೊಂಡು ಹೋಗಿ, ಚೀಲವನ್ನು ಬೆರಳಿಗೆ ನೇತುಹಾಕಬೇಡಿ, ಹೆಗಲಿಗೆ ಹಾಕಿ. ಅದನ್ನು ತೆಗೆದು ನೋಡುವ ಆಸಕ್ತಿಯೇ ತೋರದ ಥೆರಪಿಸ್ಟ್ ಆದರೆ ಇನ್ನೊಬ್ಬರನ್ನು ಹುಡುಕಿ. ಸ್ಪ್ಲಿಂಟ್ ಕೊಟ್ಟ ದಿನವೇ ಅದನ್ನು ತಿದ್ದಿಸಿಕೊಳ್ಳಲು ಯಾವಾಗ ಬರಬೇಕೆಂದು ದಿನಾಂಕ ಬರೆಸಿಕೊಳ್ಳಿ, ನೋವಿಲ್ಲದ ಕೈಯನ್ನೂ ಪರೀಕ್ಷಿಸಲು ಹೇಳಿ.