ಕುಲೆಬ್ರಾಗೆ ಹೋಗುವವರೇ, ವಾಪಸ್ ಬರುವ ದಾರಿ ಮೊದಲು ನೋಡಿಕೊಳ್ಳಿ

ಮೊನ್ನೆ ಗೆಳತಿ ಫೋನ್ ಮಾಡಿ, "ಡಿಸೆಂಬರ್‌ಗೆ ಪೋರ್ಟೊ ರಿಕೊ ಬುಕ್ ಮಾಡಿದ್ವಿ ಕಣೇ, ಅಲ್ಲಿಂದ ಕುಲೆಬ್ರಾಗೂ ಹೋಗ್ತಿದೀವಿ" ಅಂದಳು. ವಾಪಸ್ ಬರೋದು ಹೇಗೆ ಅಂತ ಕೇಳಿದೆ. "28ಕ್ಕೆ ಬೆಳಿಗ್ಗೆ ಬೋಟು, ಸಂಜೆ ನಾಲ್ಕಕ್ಕೆ ನ್ಯೂವಾರ್ಕ್ ಫ್ಲೈಟು." ನನ್ನ ಎದೆ ಧಸಕ್ಕೆಂದಿತು. 2023ರ ಡಿಸೆಂಬರಿನಲ್ಲಿ ನಾವು ಹಾಕಿಕೊಂಡಿದ್ದೂ ಇದೇ ಪ್ಲಾನು, ತಾರೀಖೂ ಅದೇ. ಅವಳಿಗೆ ಮುಕ್ಕಾಲು ಗಂಟೆ ಹೇಳಿದ್ದನ್ನೇ ಇಲ್ಲಿ ಬರೆದಿಡುತ್ತಿದ್ದೇನೆ.

ನಮ್ಮಂಥವರು ಪೋರ್ಟೊ ರಿಕೊಗೆ ಯಾಕೆ ಹೋಗುತ್ತೇವೆ ಅನ್ನೋದು ಅಮೆರಿಕದಲ್ಲಿರುವ ಕನ್ನಡದವರಿಗೆ ಹೇಳಬೇಕಾಗಿಲ್ಲ. ಗಂಡನ ಎಚ್‌ಒನ್‌ಬಿ ಸ್ಟಾಂಪಿಂಗ್, ಅಂದರೆ ಪಾಸ್‌ಪೋರ್ಟಿನಲ್ಲಿ ಒತ್ತುವ ಕೆಲಸದ ವೀಸಾ, ಅವಧಿ ಮುಗಿದು ಎರಡು ವರ್ಷವಾಗಿತ್ತು. ದೇಶ ಬಿಟ್ಟು ಹೋದರೆ ಮತ್ತೆ ಕಾನ್ಸುಲೇಟ್ ಬಾಗಿಲು ಕಾಯಬೇಕು. ಪೋರ್ಟೊ ರಿಕೊ ಅಮೆರಿಕದ್ದೇ ಭಾಗ, ಸಮುದ್ರ ಬೆಚ್ಚಗಿರುತ್ತದೆ, ನ್ಯೂಜೆರ್ಸಿಯ ಚಳಿಯಿಂದ ನಾಲ್ಕು ಗಂಟೆಯ ವಿಮಾನ. ಸಾಗರದಿಂದ ಅಪ್ಪಯ್ಯ, ಅಮ್ಮ ಬೇರೆ ಬಂದಿದ್ದರು. ಏಳು ವರ್ಷದ ಮಗಳೂ ಸೇರಿ ಒಟ್ಟು ಐದು ಜನ.

ಕುಲೆಬ್ರಾ ಅಂದರೆ ಪೋರ್ಟೊ ರಿಕೊದ ಪೂರ್ವ ತೀರದಿಂದ ಸುಮಾರು 27 ಕಿಲೋಮೀಟರ್ ದೂರದ ಪುಟ್ಟ ದ್ವೀಪ. ಇಡೀ ದ್ವೀಪದಲ್ಲಿ ಎರಡು ಸಾವಿರದೊಳಗೆ ಜನ. ನ್ಯೂವಾರ್ಕ್‌ನಿಂದ ಪೋರ್ಟೊ ರಿಕೊದ ರಾಜಧಾನಿ ಸಾನ್ ಹುವಾನ್‌ವರೆಗಿನ ಎರಡೂವರೆ ಸಾವಿರ ಕಿಲೋಮೀಟರಿಗೆ ನಾವು ತಿಂಗಳುಗಟ್ಟಲೆ ಬೆಲೆ ನೋಡಿ, ಸೀಟು ಆರಿಸಿ, ಊಟದ ಡಬ್ಬಿವರೆಗೂ ಲೆಕ್ಕ ಹಾಕಿದ್ದೆವು. ಈ 27 ಕಿಲೋಮೀಟರನ್ನು ಮಾತ್ರ "ಅಲ್ಲಿ ಬೋಟು ಸಿಗುತ್ತೆ" ಅಂತ ಒಂದು ಸಾಲಿನಲ್ಲಿ ಮುಗಿಸಿದ್ದೆವು. ನಮ್ಮನ್ನು ಮುಳುಗಿಸಿದ್ದು ಆ ಸಾಲೇ.

ಮೊದಲನೇ ತಪ್ಪು, ಊರೇ ತಪ್ಪು. ಯಾವುದೋ ಹಳೆಯ ಪ್ರವಾಸಕಥನ ಓದಿ "ಬೋಟು ಫಹಾರ್ದೊದಿಂದ" ಅಂತ ಬರೆದಿಟ್ಟುಕೊಂಡಿದ್ದೆ. ಒಂದು ಕಾಲಕ್ಕೆ ಅದು ನಿಜವೇ. ಆದರೆ 2018ರಲ್ಲೇ ಫೆರಿ ನಿಲ್ದಾಣವನ್ನು ಸೇಬಾ ಅನ್ನುವ ಪಕ್ಕದ ಊರಿಗೆ ಸ್ಥಳಾಂತರಿಸಿದ್ದಾರೆ. ಅಲ್ಲಿ ಮುಂಚೆ ಅಮೆರಿಕದ ನೌಕಾಪಡೆಯ ರೂಸ್‌ವೆಲ್ಟ್ ರೋಡ್ಸ್ ಅನ್ನುವ ಭಾರಿ ನೆಲೆ ಇತ್ತು, 2004ರಲ್ಲಿ ಮುಚ್ಚಿತು. ಆ ಪಾಳು ನೆಲೆಯ ಒಳಗೇ ಹೋಗಿ ಬೋಟು ಹತ್ತಬೇಕು. ಬೆಳಿಗ್ಗೆ ಹತ್ತೂವರೆಗೆ ವಿಮಾನ ಇಳಿದು, ಬಾಡಿಗೆ ಕಾರಿನ ಕೌಂಟರಿನಲ್ಲಿ ಒಂದು ಗಂಟೆ ಕ್ಯೂ ನಿಂತು, ಫಹಾರ್ದೊದ ಹಳೇ ಧಕ್ಕೆಗೆ ಓಡಿ ಬಂದರೆ ಗೇಟಿಗೆ ಬೀಗ. ಅಲ್ಲೇ ಮೀನು ಹಿಡಿಯುತ್ತಾ ಕೂತಿದ್ದವನು ನಮ್ಮ ಸೂಟ್‌ಕೇಸ್ ನೋಡಿ, ಕೇಳುವ ಮುಂಚೆಯೇ "ಸೇಬಾ, ಸೇಬಾ" ಅಂತ ದಕ್ಷಿಣಕ್ಕೆ ಕೈ ತೋರಿಸಿದ. ದಿನಕ್ಕೆ ಎಷ್ಟು ಜನರಿಗೆ ಹೀಗೆ ಕೈ ತೋರಿಸುತ್ತಾನೋ! ಸೇಬಾ ತಲುಪುವ ಹೊತ್ತಿಗೆ ನಮ್ಮ ಬೋಟು ಹೊರಟು, ಅದರ ಹಿಂದಿನ ಬಿಳಿ ನೊರೆ ಮಾತ್ರ ಕಾಣುತ್ತಿತ್ತು.

ಎರಡನೇ ತಪ್ಪಿಗೆ ನನ್ನ ಹುಟ್ಟೂರೇ ಕಾರಣ ಅನ್ನಬೇಕು. ಸಿಗಂದೂರಿನ ಲಾಂಚ್ ನೋಡಿ ಬೆಳೆದವಳು ನಾನು. ಶರಾವತಿ ಹಿನ್ನೀರಿನಲ್ಲಿ ಬಸ್ಸನ್ನೇ ಹೊತ್ತುಕೊಂಡು ಹೋಗುತ್ತಿತ್ತು ಅದು. ಇಲ್ಲಿ ನಮ್ಮ ಬಾಡಿಗೆ ಕಾರು ಹತ್ತದೇ ಇರುತ್ತಾ ಅಂದುಕೊಂಡು ಅಷ್ಟೂ ದಿನಕ್ಕೆ ಕಾರು ಹಿಡಿದಿದ್ದೆವು. ಹತ್ತುವುದಿಲ್ಲ ಸ್ವಾಮಿ. ಜನರ ಬೋಟು ಬೇರೆ, ವಾಹನ ಮತ್ತು ಸರಕು ಸಾಗಿಸುವ ಬೋಟು ಬೇರೆ. ಸಾನ್ ಹುವಾನ್‌ನಲ್ಲಿ ತೆಗೆದುಕೊಂಡ ಕಾರನ್ನು ದ್ವೀಪಕ್ಕೆ ಒಯ್ಯಬಾರದು ಅಂತ ನಾವು ಓದದೇ ಸಹಿ ಹಾಕಿದ ಬಾಡಿಗೆ ಕರಾರಿನಲ್ಲೇ ಇತ್ತು. ಹಾಗಾಗಿ ಕಾರು ಸೇಬಾದ ಪಾರ್ಕಿಂಗಿನಲ್ಲಿ ಬಿಸಿಲು ಕಾಯುತ್ತಾ ನಿಂತಿತು. ಬಾಡಿಗೆಯೂ ನಮ್ಮದೇ, ಪಾರ್ಕಿಂಗ್ ದುಡ್ಡೂ ನಮ್ಮದೇ.

ಮುಂದಿನ ಬೋಟಿನ ಟಿಕೆಟ್ ಎಲ್ಲ ಖಾಲಿ. ಸೀಟು ಉಳಿದರೆ ಕೊಡುತ್ತೇವೆ, ಆ ಸಾಲಿನಲ್ಲಿ ನಿಲ್ಲಿ ಅಂದರು. ನಿಂತೆವು. ದ್ವೀಪದ ಜನರಿಗೆ ಮೊದಲ ಆದ್ಯತೆ, ಇದು ಅಲ್ಲಿನ ನಿಯಮ. ಅಕ್ಕಿ ಚೀಲ, ಮೊಟ್ಟೆ ಟ್ರೇ, ಟೀವಿ ಡಬ್ಬ, ಆಸ್ಪತ್ರೆಯ ಫೈಲು ಹಿಡಿದವರು ಒಬ್ಬೊಬ್ಬರಾಗಿ ನಮ್ಮನ್ನು ದಾಟಿ ಹೋದರು. ಅಜ್ಜಿಯೊಬ್ಬರು ಎರಡು ಕೈಯಲ್ಲೂ ಸಾಮಾನು ಹಿಡಿದು ನಿಧಾನ ಬಂದರು. ಅವರಿಗೂ ಬಾಗಿಲು ತೆರೆಯಿತು. ನಾನು ಒಳಗೊಳಗೇ ಕುದಿಯುತ್ತಿದ್ದೆ. ಸುತ್ತಲಿನವರು ಬೋಟನ್ನು "ಲಾಂಚಾ, ಲಾಂಚಾ" ಅನ್ನುತ್ತಿದ್ದದ್ದು ಅಪ್ಪಯ್ಯನ ಕಿವಿಗೆ ಬಿತ್ತು. ಸ್ಪ್ಯಾನಿಷ್‌ನಲ್ಲಿ ಬೋಟಿಗೆ ಹಾಗೇ ಅನ್ನುವುದಂತೆ. "ಅಯ್ಯೋ, ನಮ್ ಲಾಂಚೇ!" ಅಂತ ನಕ್ಕರು. ಆಮೇಲೆ ನನ್ನ ಮುಖ ನೋಡಿ ಅಂದರು: "ಸಿಟ್ಟು ಯಾಕೆ? ನಿನ್ ಅತ್ತೆ ತುಮರೀಲಿ ಎಷ್ಟು ವರ್ಷ ಪ್ರವಾಸಿಗಳ ಕಾರಿನ ಹಿಂದೆ ನಿಂತಿದಾಳೆ, ಮರ್ತ್ಯಾ?"

ಮರೆತಿರಲಿಲ್ಲ. ಲಿಂಗನಮಕ್ಕಿ ನೀರು ನಿಂತ ಮೇಲೆ ತುಮರಿ ಕಡೆಯವರಿಗೆ ಸಾಗರದ ಪೇಟೆ, ಆಸ್ಪತ್ರೆ, ಕಾಲೇಜು ಎಲ್ಲದಕ್ಕೂ ಲಾಂಚೇ ಹತ್ತಿರದ ದಾರಿಯಾಗಿತ್ತು. ರಜೆ ದಿನ ಸಿಗಂದೂರಿಗೆ ಬರುವವರ ಕಾರುಗಳೇ ಹೊಳೆಬಾಗಿಲಿನಿಂದ ಸಾಲುಗಟ್ಟಿದರೆ ಊರವರು ತಮ್ಮ ಮನೆಗೇ ಹೋಗಲು ಕಾಯಬೇಕಿತ್ತು. ಸಂಜೆಯ ಕೊನೆಯ ಲಾಂಚ್ ತಪ್ಪಿದರೆ ರಾತ್ರಿ ಈ ದಡದಲ್ಲೇ. ಚಿಕ್ಕವಳಿದ್ದಾಗ ಆ ಕಾರಿನವರನ್ನು ಅತ್ತೆ ಜೊತೆ ಸೇರಿ ನಾನೂ ಬೈದಿದ್ದೇನೆ. ಅಲ್ಲಿಗೆ 2025ರ ಜುಲೈಯಲ್ಲಿ ಸೇತುವೆಯಾಯಿತು, ಕುಲೆಬ್ರಾದವರಿಗೆ ಸೇತುವೆಯಿಲ್ಲ. ಪಕ್ಕದ ವಿಯೆಕೆಸ್ ದ್ವೀಪದಲ್ಲಿ 2017ರ ಮರಿಯಾ ಚಂಡಮಾರುತ ಆಸ್ಪತ್ರೆಯನ್ನೇ ಹಾಳುಮಾಡಿದ ಮೇಲೆ ಡಯಾಲಿಸಿಸ್ ರೋಗಿಗಳೂ ಸಮುದ್ರ ದಾಟಿಯೇ ಹೋಗಬೇಕಾಯಿತು. ನಾವು ಹೋದಾಗ ಕುಲೆಬ್ರಾ ಬೋಟಿನ ಟಿಕೆಟ್ ಬೆಲೆ 2.25 ಡಾಲರ್. ನ್ಯೂಜೆರ್ಸಿಯ ಎಡಿಸನ್‌ನಲ್ಲಿ ಆ ದುಡ್ಡಿಗೆ ಒಂದು ಲೋಟ ಚಹಾ ಬರುವುದಿಲ್ಲ. ಪ್ರವಾಸಿಗಳಿಗೆಂದು ಓಡಿಸುವ ಬೋಟಿಗೆ ಅಂಥ ಬೆಲೆ ಇರುವುದಿಲ್ಲ, ಇದು ಊರವರ ಬಸ್ಸು. ಉಳಿದ ಸೀಟು ನಮಗೆ.

ಅವತ್ತು ಉಳಿದದ್ದು ಎರಡು ಸೀಟು. ನಾವು ಐದು ಜನ. ಫಹಾರ್ದೊದಲ್ಲಿ ರೂಮು ಹುಡುಕಿ ಮಲಗಿದೆವು. ಕುಲೆಬ್ರಾದಲ್ಲಿ ಮೊದಲೇ ಕಟ್ಟಿದ್ದ ಒಂದು ರಾತ್ರಿಯ ದುಡ್ಡು ಹೋಯಿತು.

ಮಾರನೇ ದಿನ ಬೆಳಿಗ್ಗೆ ಹತ್ತಿದೆವು. ಸೇಬಾದ ಅದೇ ನಿಲ್ದಾಣದಿಂದ ವಿಯೆಕೆಸ್‌ಗೂ ಬೋಟು ಹೋಗುತ್ತದೆ, ಟಿಕೆಟ್ ತೆಗೆಯುವಾಗ ದ್ವೀಪದ ಹೆಸರು ಎರಡು ಸಲ ಓದಿ. ನಮ್ಮ ಮುಂದಿದ್ದ ಜೋಡಿಯೊಂದು ಕುಲೆಬ್ರಾದಲ್ಲಿ ರೂಮು, ವಿಯೆಕೆಸ್‌ಗೆ ಟಿಕೆಟು ಇಟ್ಟುಕೊಂಡು ಒಬ್ಬರನ್ನೊಬ್ಬರು ನೋಡುತ್ತಾ ನಿಂತಿತ್ತು. ಮುಕ್ಕಾಲು ಗಂಟೆಯ ದಾರಿ. ಡಿಸೆಂಬರ್ ಮಧ್ಯದಿಂದ ಜನವರಿವರೆಗೆ ಅಲ್ಲಿ ಬೀಸುವ ಜೋರು ಪೂರ್ವದ ಗಾಳಿಗೆ ಕ್ರಿಸ್ಮಸ್ ಗಾಳಿ ಅಂತಲೇ ಹೆಸರು. ನಾವು ಹೋಗಿದ್ದು ಸರಿಯಾಗಿ ಅದರ ಬಾಯಿಗೆ. ಅಮ್ಮ ಬೆಳಿಗ್ಗೆ ತಿಂದ ಅವಲಕ್ಕಿಯೆಲ್ಲ ಕಕ್ಕಿದರು. ವಾಂತಿ ಮಾತ್ರೆ ಹತ್ತುವುದಕ್ಕೆ ಒಂದು ಗಂಟೆ ಮುಂಚೆ ನುಂಗಬೇಕು, ಹೊಟ್ಟೆ ತೊಳಸಲು ಶುರುವಾದ ಮೇಲಲ್ಲ. ಕೆಳಗಿನ ಅಂತಸ್ತಿನಲ್ಲಿ ಹಿಂದುಗಡೆ ಕೂತರೆ ತೂಗಾಟ ಕಡಿಮೆ.

ದ್ವೀಪ ಚೆಂದವೇ. ಫ್ಲಮೆಂಕೊ ಬೀಚಿನ ನೀರಿನ ಬಣ್ಣ ಹೇಳಲು ನನಗೆ ಬರುವುದಿಲ್ಲ. 1975ರವರೆಗೂ ನೌಕಾಪಡೆ ಆ ದ್ವೀಪದ ಮೇಲೆ ಗುಂಡು ಹಾರಿಸಿ ಅಭ್ಯಾಸ ಮಾಡುತ್ತಿತ್ತು. ಬಿಟ್ಟುಹೋದ ತುಕ್ಕು ಹಿಡಿದ ಟ್ಯಾಂಕುಗಳು ಇನ್ನೂ ಮರಳಿನ ಮೇಲೆ ಇವೆ, ಮೈತುಂಬ ಬಣ್ಣ ಬಳಿಸಿಕೊಂಡು. ಓಡಾಡಲು ಗಾಲ್ಫ್ ಗಾಡಿ ಬಾಡಿಗೆಗೆ ಸಿಗುತ್ತದೆ ಅಂತಾರೆ. ಕ್ರಿಸ್ಮಸ್ ವಾರದಲ್ಲಿ ನಮಗೆ ಒಂದೂ ಸಿಗಲಿಲ್ಲ. ಜನ ತುಂಬಿಸಿಕೊಂಡು ಹೋಗುವ ವ್ಯಾನಿನಲ್ಲೇ ಮೂರು ದಿನ ಕಳೆದೆವು. ರಾತ್ರಿ ಪೂರ್ವಕ್ಕೆ ಸೇಂಟ್ ಥಾಮಸ್ ದ್ವೀಪದ ದೀಪಗಳು ಕಾಣುತ್ತವೆ. ಅದೂ ಅಮೆರಿಕದ್ದೇ, ಆದರೆ ಅದರಾಚೆಯ ಬ್ರಿಟಿಷ್ ವರ್ಜಿನ್ ದ್ವೀಪಗಳು ಬೇರೆ. "ಒಂದು ದಿನ ಹೋಗಿ ಬಂದ್ರೆ ಏನಾಗುತ್ತೆ" ಅಂತ ಗಂಡ ರಾಗ ತೆಗೆದರು. ಸ್ಟಾಂಪಿಂಗ್ ಮುಗಿದವರು ಆ ಗೆರೆ ದಾಟಿದರೆ ದೇಶ ಬಿಟ್ಟಂತೆ. ಕೆನಡಾ, ಮೆಕ್ಸಿಕೊಗೆ ಹೋಗಿ ಬೇಗ ವಾಪಸ್ ಬರುವ ಎಚ್‌ಒನ್‌ಬಿಯವರಿಗೆ ಇರುವ ರಿಯಾಯಿತಿ ಈ ದ್ವೀಪಗಳಿಗೆ ಇಲ್ಲ. ಆ ರಾಗ ಅಲ್ಲಿಗೇ ನಿಂತಿತು, ಪುಣ್ಯ.

ಇನ್ನು 28ನೇ ತಾರೀಖು. ಬೆಳಿಗ್ಗೆ ಆರಕ್ಕೆ ಧಕ್ಕೆಗೆ ಬಂದರೆ ಗಾಜಿನ ಮೇಲೆ ಒಂದು ಕಾಗದ ಅಂಟಿಸಿದ್ದರು. ಸ್ಪ್ಯಾನಿಷ್ ಬಾರದಿದ್ದರೂ "ಕಾನ್ಸೆಲಾದೊ" ಅರ್ಥವಾಗುತ್ತದೆ. ಅಲೆ ಜಾಸ್ತಿ, ಇವತ್ತು ಬೋಟಿಲ್ಲ. ಊರವರು ಕಾಗದ ಓದಿ ಸುಮ್ಮನೆ ಕಾಫಿ ಕುಡಿಯಲು ಹೋದರು. ನಮ್ಮಂಥವರು ಮಾತ್ರ ಜಗಳ ಕಾಯಲು ಯಾರಾದರೂ ಸಿಗುತ್ತಾರಾ ಅಂತ ಹುಡುಕುತ್ತಿದ್ದೆವು. ಸಮುದ್ರದ ಮೇಲೆ ದೂರು ಕೊಡಲು ಕೌಂಟರ್ ಇರಲಿಲ್ಲ.

ದ್ವೀಪದಲ್ಲಿ ಪುಟ್ಟ ವಿಮಾನ ನಿಲ್ದಾಣವಿದೆ. ಅಲ್ಲಿಗೆ ಓಡಿದೆವು; ನಮ್ಮ ಹಾಗೆ ಇನ್ನೂ ಐವತ್ತು ಜನ ಓಡಿ ಬಂದಿದ್ದರು. ವಿಮಾನ ಒಂಬತ್ತು ಸೀಟಿನದ್ದು. ಪ್ರತಿಯೊಬ್ಬರ ತೂಕ ಕೇಳುತ್ತಾರೆ, ಯಾರನ್ನು ಎಲ್ಲಿ ಕೂರಿಸಬೇಕು ಅನ್ನುವುದು ಅದರ ಮೇಲೆ. ಅಮ್ಮ ಮೆಲ್ಲಗೆ ಹೇಳಿದ ತೂಕ ನಂಬದೆ ಆ ಹುಡುಗ ತಕ್ಕಡಿಯ ಮೇಲೆ ನಿಲ್ಲಿಸಿದ. ಹನ್ನೆರಡು ಪೌಂಡ್ ವ್ಯತ್ಯಾಸ. ಇವತ್ತಿಗೂ ಅಮ್ಮ ಆ ತಕ್ಕಡಿಯದ್ದೇ ತಪ್ಪು ಅಂತಾರೆ. ಮಧ್ಯಾಹ್ನ ಎರಡಕ್ಕೆ ಸೇಬಾಗೆ ಮೂರು ಸೀಟು ಸಿಕ್ಕಿತು. ನಾನು, ಅಮ್ಮ, ಮಗಳು ಹೋಗೋದು, ಗಂಡಸರು ಮುಂದಿನದರಲ್ಲಿ ಬರೋದು ಅಂತ ತೀರ್ಮಾನವಾಯಿತು. ಗುಡ್ಡಗಳ ಮೇಲಿಂದ ಹಾರಿ, ಹದಿನೈದು ನಿಮಿಷದಲ್ಲಿ ಸೇಬಾದಲ್ಲಿ ಇಳಿದೆವು.

ಇಳಿದ ಮೇಲೆ ನೆನಪಾಯಿತು. ಕಾರು ಸೇಬಾದಲ್ಲಿ. ಕಾರಿನ ಕೀ ಗಂಡನ ಜೇಬಿನಲ್ಲಿ. ಗಂಡ ಕುಲೆಬ್ರಾದಲ್ಲಿ. ಮುಂದಿನ ವಿಮಾನ ಅವತ್ತು ಅವರಿಗೆ ಸಿಗಲೇ ಇಲ್ಲ. ಸೇಬಾ ನಿಲ್ದಾಣದ ಸುತ್ತ ಹಳೇ ನೌಕಾನೆಲೆಯ ಮುರುಕು ಕಟ್ಟಡ, ಹುಲ್ಲು, ದೊಡ್ಡ ಓತಿಕ್ಯಾತದಂಥ ಇಗುವಾನಾ ಬಿಟ್ಟರೆ ಏನಿಲ್ಲ. ಊಬರ್ ತೆರೆದರೆ ಒಂದೂ ಕಾರಿಲ್ಲ. ಫಹಾರ್ದೊದಿಂದ ಟ್ಯಾಕ್ಸಿ ಬರುವಷ್ಟರಲ್ಲಿ ಒಂದೂವರೆ ಗಂಟೆ. ಸಂಜೆ ನಾಲ್ಕಕ್ಕೆ, ನಮ್ಮ ನ್ಯೂವಾರ್ಕ್ ವಿಮಾನ ಹೊರಡುವ ಹೊತ್ತಿಗೆ, ನಾವು ಮೂವರು ಸೂಟ್‌ಕೇಸ್ ಮೇಲೆ ಕೂತು ಉಳಿದಿದ್ದ ಚಕ್ಕುಲಿ ಹಂಚಿಕೊಂಡು ತಿನ್ನುತ್ತಿದ್ದೆವು.

ವಿಮಾನ ಕಂಪನಿಯವರು ಬೋಟಿನ ಕಥೆ ಕೇಳುವುದಿಲ್ಲ. ಬೋಟಿನ ಟಿಕೆಟ್ ಬೇರೆ, ವಿಮಾನದ್ದು ಬೇರೆ. ನೀವು ಬರಲಿಲ್ಲ, ಅಷ್ಟೇ. ಹೊಸ ವರ್ಷದ ವಾರ, ಐದು ಸೀಟು ಒಟ್ಟಿಗೆ ಸಿಕ್ಕಿದ್ದು 31ಕ್ಕೆ, ಹೋದಾಗಿನ ಎರಡೂವರೆ ಪಟ್ಟು ಬೆಲೆಗೆ. ರದ್ದಾದ ಬೋಟಿನ ಟಿಕೆಟ್ ದುಡ್ಡು ಮಾತ್ರ ನಿಯತ್ತಾಗಿ ಕಾರ್ಡಿಗೆ ವಾಪಸ್ ಬಂತು. ಐವರದ್ದೂ ಸೇರಿ ಹತ್ತು ಡಾಲರಿನ ಆಸುಪಾಸು.

ಈಗ ನನ್ನನ್ನು ಕೇಳಿದರೆ ಹೇಳುವುದು ಇಷ್ಟು. ಸಾನ್ ಹುವಾನ್‌ನಲ್ಲಿ ಇಳಿದ ದಿನವೇ ದ್ವೀಪಕ್ಕೆ ಓಡಬೇಡಿ; ಫಹಾರ್ದೊ ಕಡೆ ಒಂದು ರಾತ್ರಿ ಮಲಗಿ, ಬೆಳಗಿನ ಬೋಟು ಹಿಡಿಯಿರಿ. ಅದು ರದ್ದಾದರೂ ಮುಂದಿನದಕ್ಕೆ ಕಾಯಲು ಹಗಲು ಉಳಿದಿರುತ್ತದೆ. ಟಿಕೆಟ್ ಮಾರಾಟ ಶುರುವಾದ ದಿನವೇ ತೆಗೆದುಕೊಳ್ಳಿ. ವಾಪಸ್ ಬರುವಾಗ ದೊಡ್ಡ ವಿಮಾನಕ್ಕೂ ಬೋಟಿಗೂ ನಡುವೆ ಪೂರ್ತಿ ಒಂದು ದಿನ ಬಿಡಿ, ಕ್ರಿಸ್ಮಸ್ ಗಾಳಿ ಇದ್ದರೆ ಎರಡು. ಹಿರಿಯರು ಜೊತೆಗಿದ್ದರೆ, ದುಡ್ಡು ಕೈಗೆಟುಕಿದರೆ, ಪುಟ್ಟ ವಿಮಾನವನ್ನೇ ಮೊದಲೇ ಬುಕ್ ಮಾಡಿ. ಬೋಟು ರದ್ದಾದ ದಿನ ಅದು ಖಾಲಿ ಇರುವುದಿಲ್ಲ. ಬಾಡಿಗೆ ಕಾರನ್ನು ನೀವು ದ್ವೀಪದಿಂದ ವಾಪಸ್ ಬಂದ ಮೇಲೆ ಹಿಡಿಯಿರಿ. ಮಕ್ಕಳದ್ದು, ಅಪ್ಪ ಅಮ್ಮನದ್ದು, ನಿಮ್ಮದು ಎಲ್ಲ ಪಾಸ್‌ಪೋರ್ಟೂ ಕೈಚೀಲದಲ್ಲೇ ಇರಲಿ, ಸಾನ್ ಹುವಾನ್‌ನಲ್ಲಿ ಕೇಳಿದರೆ ತೋರಿಸಲು.

ಗೆಳತಿ ಎಲ್ಲಾ ಕೇಳಿ "ನೋಡ್ತೀನಿ" ಅಂತ ಫೋನಿಟ್ಟಳು. ಸಂಜೆ ಮೆಸೇಜು ಬಂತು: "ಬೋಟು 26ಕ್ಕೆ ಬದಲಾಯಿಸಿದೆ. ಕಾರಿಗೆ ಎರಡು ಕೀ ಕೊಡ್ತಾರಾ ಕೇಳ್ತಿದೀನಿ."