230ರಿಂದ 115 ವೋಲ್ಟ್‌ಗೆ: 500 ವಿಎ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಒಂದರ ವಿಮರ್ಶೆ

ಹೊರದೇಶದಿಂದ ಬಂದ ಎರಡು ಉಪಕರಣಗಳು ನನ್ನ ಮೇಜಿನ ಮೇಲೆ ಬಹಳ ದಿನ ಸುಮ್ಮನೆ ಕುಳಿತಿದ್ದವು. ಒಂದು ಸೋಲ್ಡರಿಂಗ್ ಸ್ಟೇಷನ್, ಇನ್ನೊಂದು ಹಳೆಯ ರೆಕಾರ್ಡ್ ಪ್ಲೇಯರ್. ಎರಡರ ಹಿಂಬದಿಯಲ್ಲೂ 120 ವೋಲ್ಟ್, 60 ಹರ್ಟ್ಸ್ ಎಂದು ಬರೆದಿದೆ. ಗೋಡೆಯ ಸಾಕೆಟ್ಟಿನಲ್ಲಿ ಸಿಗುವುದು 230 ವೋಲ್ಟ್, 50 ಹರ್ಟ್ಸ್. ಇವುಗಳಿಗಾಗಿ 230ರಿಂದ 115 ವೋಲ್ಟ್‌ಗೆ ಇಳಿಸುವ, 500 ವಿಎ ಸಾಮರ್ಥ್ಯದ ಟ್ರಾನ್ಸ್‌ಫಾರ್ಮರ್ ಒಂದನ್ನು ಕೊಂಡು ಎರಡು ತಿಂಗಳು ಬಳಸಿದ್ದೇನೆ. ಇಲ್ಲಿ ಹೇಳುವ ಗುಣದೋಷಗಳಲ್ಲಿ ಹೆಚ್ಚಿನವು ಈ ಬಗೆಯ ಬೇರೆ ಪೆಟ್ಟಿಗೆಗಳಿಗೂ ಅನ್ವಯಿಸುವುದರಿಂದ ತಯಾರಕರ ಹೆಸರನ್ನು ಬಿಟ್ಟಿದ್ದೇನೆ. ನನ್ನ ತೀರ್ಮಾನವನ್ನು ಮೊದಲೇ ಹೇಳಿಬಿಡುತ್ತೇನೆ: ಒಳಗಿನ ತಾಮ್ರ ಮತ್ತು ಕಬ್ಬಿಣದ ಕೆಲಸ ಬಹಳ ಅಚ್ಚುಕಟ್ಟಾಗಿದೆ, ಹೊರಗಿನ ಬರಹ ಮತ್ತು ಸ್ವಿಚ್ಚಿನ ಜಾಗ ಎರಡೂ ಸರಿಯಿಲ್ಲ.

ಮೊದಲು ಬರಹದ ವಿಷಯ. ರಟ್ಟಿನ ಡಬ್ಬಿಯ ಮೇಲೆ ದೊಡ್ಡ ಅಕ್ಷರದಲ್ಲಿ 1000 ವ್ಯಾಟ್ ಎಂದಿದೆ. ಲೋಹದ ಪೆಟ್ಟಿಗೆಗೆ ಅಂಟಿಸಿದ ಫಲಕದಲ್ಲಿ 500 ವಿಎ ಎಂದಿದೆ. ನಂಬಬೇಕಾದದ್ದು ಫಲಕವನ್ನೇ. ಎರಡನೆಯ ಸಂಖ್ಯೆಯ ಘಟಕ ವ್ಯಾಟ್ ಅಲ್ಲ, ವೋಲ್ಟ್-ಆಂಪಿಯರ್ ಎಂಬುದನ್ನೂ ಗಮನಿಸಬೇಕು. ಸುರುಳಿಯ ತಂತಿ ಬಿಸಿಯಾಗುವುದು ಅದರಲ್ಲಿ ಹರಿಯುವ ಕರೆಂಟಿನಿಂದ. ಆ ಕರೆಂಟು ಉಪಯುಕ್ತ ಕೆಲಸ ಮಾಡುತ್ತಿದೆಯೋ ಅಥವಾ ಮೋಟಾರಿನ ಕಾಂತಕ್ಷೇತ್ರಕ್ಕಾಗಿ ಬರಿದೇ ಹೋಗಿಬರುತ್ತಿದೆಯೋ ಎಂಬುದು ತಂತಿಗೆ ತಿಳಿಯದು. ಆದ್ದರಿಂದ ಮೋಟಾರಿರುವ ಉಪಕರಣಕ್ಕೆ ಟ್ರಾನ್ಸ್‌ಫಾರ್ಮರ್ ಆರಿಸುವಾಗ ವ್ಯಾಟ್ ಲೆಕ್ಕ ಹಾಕಿ ಸುಮ್ಮನಾದರೆ ಸಾಮರ್ಥ್ಯ ಸಾಲದೆ ಹೋಗಬಹುದು.

ಮೇಲಿನ ಮುಚ್ಚಳವನ್ನು ತೆಗೆದಾಗ ಒಳಗೆ ಕಂಡದ್ದು ಇ ಮತ್ತು ಐ ಆಕಾರದ ಉಕ್ಕಿನ ತೆಳು ಹಾಳೆಗಳನ್ನು ಒಂದರ ಮೇಲೊಂದು ಜೋಡಿಸಿ, ವಾರ್ನಿಷ್ ಕುಡಿಸಿ, ನಾಲ್ಕು ಬೋಲ್ಟುಗಳಿಂದ ಬಿಗಿದ ಕೋರ್. ಇಡಿಯಾದ ಕಬ್ಬಿಣದ ದಿಮ್ಮಿಯನ್ನೇ ಇಟ್ಟರೆ ಬದಲಾಗುವ ಕಾಂತಕ್ಷೇತ್ರವು ಆ ದಿಮ್ಮಿಯಲ್ಲೂ ಸುಳಿ ಕರೆಂಟುಗಳನ್ನು ಹುಟ್ಟಿಸಿ ಅದನ್ನು ಕಾಯಿಸಿಬಿಡುತ್ತದೆ. ಹಾಳೆಗಳಾಗಿ ಸೀಳಿ ನಡುವೆ ನಿರೋಧಕ ಲೇಪ ಕೊಟ್ಟರೆ ಆ ಸುಳಿಗಳ ದಾರಿ ತುಂಡಾಗುತ್ತದೆ. ಉಕ್ಕಿಗೆ ಸ್ವಲ್ಪ ಸಿಲಿಕಾನ್ ಬೆರೆಸಿದರೆ ಅದರ ವಿದ್ಯುತ್ ರೋಧ ಹೆಚ್ಚಿ ನಷ್ಟ ಇನ್ನಷ್ಟು ಇಳಿಯುತ್ತದೆ. ಈ ಪೆಟ್ಟಿಗೆಯಲ್ಲಿ ಹಾಳೆಗಳ ಅಂಚುಗಳು ಸಮನಾಗಿ ಕೂತಿವೆ, ಎಲ್ಲಿಯೂ ಸಂದು ಬಿಟ್ಟಿಲ್ಲ. ಮೇನ್ಸಿಗೆ ಸೇರುವ ಸುರುಳಿಯಾದ ಪ್ರೈಮರಿಯ ತಂತಿ ಸಪೂರವಾಗಿದೆ, ಔಟ್‌ಪುಟ್ ಕೊಡುವ ಸುರುಳಿಯಾದ ಸೆಕೆಂಡರಿಯದು ಕಣ್ಣಿಗೇ ಕಾಣುವಷ್ಟು ದಪ್ಪವಾಗಿದೆ. ವೋಲ್ಟೇಜು ಅರ್ಧಕ್ಕಿಳಿದಾಗ ಅದೇ ಶಕ್ತಿಯನ್ನು ಸಾಗಿಸಲು ಕರೆಂಟು ಸುಮಾರು ಇಮ್ಮಡಿಯಾಗಲೇಬೇಕು, ಅದನ್ನು ಹೊರುವ ತಾಮ್ರವೂ ದಪ್ಪವಿರಬೇಕು.

ಸುರುಳಿಯ ಹೊರಮೈಗೂ ಕೋರಿಗೂ ನಡುವೆ ಎರಡೂ ಬದಿಯಲ್ಲಿ ಬೆಂಕಿಕಡ್ಡಿ ತೂರುವಷ್ಟು ಜಾಗವಿತ್ತು. ಪ್ಲಗ್ ಕಿತ್ತಿಟ್ಟು, ಆ ಸಂದಿನಲ್ಲಿ ಪ್ಲಾಸ್ಟಿಕ್ ಹೊದಿಕೆಯ ತೆಳು ತಂತಿಯನ್ನು ತೂರಿಸಿ, ಸುರುಳಿಯ ಸುತ್ತ ಸರಿಯಾಗಿ ಐದು ಸುತ್ತು ಸುತ್ತಿ, ಎರಡು ತುದಿಗಳನ್ನು ಮಲ್ಟಿಮೀಟರಿಗೆ ಸೇರಿಸಿದೆ. ಆಮೇಲೆ ಪ್ಲಗ್ ಹಾಕಿದೆ. ನನ್ನ ಐದು ಸುತ್ತಿನ ತಂತಿ ಪ್ರೈಮರಿಗೂ ಸೆಕೆಂಡರಿಗೂ ಎಲ್ಲಿಯೂ ತಾಗುತ್ತಿರಲಿಲ್ಲ. ಆದರೂ ಮೀಟರು 2.5 ವೋಲ್ಟ್ ತೋರಿಸಿತು. ಎಂದರೆ ಸುತ್ತೊಂದಕ್ಕೆ ಅರ್ಧ ವೋಲ್ಟ್. ಇಡೀ ಟ್ರಾನ್ಸ್‌ಫಾರ್ಮರಿನ ಗುಟ್ಟು ಈ ಅರ್ಧ ವೋಲ್ಟಿನಲ್ಲಿದೆ. ಪ್ರೈಮರಿಗೆ ಕೊಟ್ಟ ಪರ್ಯಾಯ ವಿದ್ಯುತ್ತು ಕೋರಿನಲ್ಲಿ ಸೆಕೆಂಡಿಗೆ 50 ಆವರ್ತದಂತೆ ದಿಕ್ಕು ಬದಲಿಸುವ ಕಾಂತೀಯ ಫ್ಲಕ್ಸನ್ನು, ಅಂದರೆ ಕೋರಿನ ಮೂಲಕ ಹಾಯುವ ಕಾಂತಕ್ಷೇತ್ರದ ಒಟ್ಟು ಮೊತ್ತವನ್ನು, ಹುಟ್ಟಿಸುತ್ತದೆ, ಆ ಫ್ಲಕ್ಸು ತನ್ನನ್ನು ಸುತ್ತುವರಿದ ಪ್ರತಿಯೊಂದು ಸುತ್ತಿನಲ್ಲೂ, ಅದು ಯಾವ ಸುರುಳಿಗೆ ಸೇರಿದ್ದರೂ, ಒಂದೇ ಪ್ರಮಾಣದ ವೋಲ್ಟೇಜನ್ನು ಪ್ರೇರಿಸುತ್ತದೆ. ಸಾಕೆಟ್ಟಿನಲ್ಲಿ ಆಗ 230 ವೋಲ್ಟ್ ಇತ್ತು. ಹಾಗಿದ್ದರೆ ಪ್ರೈಮರಿಯಲ್ಲಿ ಸುಮಾರು 460 ಸುತ್ತುಗಳಿರಬೇಕು. ಖಾಲಿ ಇದ್ದ ಔಟ್‌ಪುಟ್ಟಿನಲ್ಲಿ 121 ವೋಲ್ಟ್ ಬರುತ್ತಿತ್ತು. ಹಾಗಿದ್ದರೆ ಸೆಕೆಂಡರಿಯಲ್ಲಿ 242. ಒಳಗಿನ ಸುರುಳಿಯನ್ನು ಬಿಚ್ಚದೆಯೇ ಅದರ ಸುತ್ತುಗಳನ್ನು ಎಣಿಸಿದ ಆ ಸಂಜೆಯ ಸಂತೋಷವನ್ನು ನಾನು ಮರೆಯಲಾರೆ. ಒಳಗೆ ಜೀವಂತ ತುದಿಗಳಿರುವುದರಿಂದ ಅನುಭವವಿಲ್ಲದವರು ಇದನ್ನು ಮಾಡಕೂಡದು.

ಇದೇ ತತ್ತ್ವವನ್ನು ಮೈಕೇಲ್ ಫ್ಯಾರಡೆ 1831ರ ಆಗಸ್ಟ್ 29ರಂದು ಕಬ್ಬಿಣದ ಬಳೆಯೊಂದರ ಮೇಲೆ ಎರಡು ಸುರುಳಿ ಸುತ್ತಿ ಕಂಡುಕೊಂಡರು. ಅವರ ಬಳಿ ಇದ್ದದ್ದು ಬ್ಯಾಟರಿ. ಅದನ್ನು ಜೋಡಿಸುವ ಮತ್ತು ಕಳಚುವ ಕ್ಷಣಗಳಲ್ಲಿ ಮಾತ್ರ ಎರಡನೆಯ ಸುರುಳಿಯ ತಂತಿಯ ಬಳಿ ಇಟ್ಟ ಕಾಂತಸೂಜಿ ಅಲುಗಿತು, ನಡುವೆ ಕರೆಂಟು ಸಮನಾಗಿ ಹರಿಯುತ್ತಿದ್ದಾಗ ಅಲುಗಲಿಲ್ಲ. ವೋಲ್ಟೇಜು ಹುಟ್ಟುವುದು ಫ್ಲಕ್ಸ್ ಇರುವುದರಿಂದಲ್ಲ, ಅದು ಬದಲಾಗುವುದರಿಂದ. ಈ ಪೆಟ್ಟಿಗೆಗೆ ನೇರ ವಿದ್ಯುತ್ತನ್ನು ಕೊಟ್ಟರೆ ಆಚೆಯಿಂದ ಏನೂ ಬರುವುದಿಲ್ಲ, ಈಚೆಯ ಸುರುಳಿ ಮಾತ್ರ ಸುಟ್ಟುಹೋಗುತ್ತದೆ. 1885ರಲ್ಲಿ ಬುಡಾಪೆಸ್ಟಿನ ಗಾಂಜ್ ಕಾರ್ಖಾನೆಯ ಜಿಪರ್ನೋವ್ಸ್ಕಿ, ಬ್ಲಾಥಿ ಮತ್ತು ಡೇರಿ ಎಂಬ ಮೂವರು ಎಂಜಿನಿಯರುಗಳು ಕೋರಿನ ದಾರಿಯನ್ನು ಪೂರ್ತಿ ಮುಚ್ಚಿದ ಟ್ರಾನ್ಸ್‌ಫಾರ್ಮರನ್ನು ರೂಪಿಸಿದ ಮೇಲೆ ಇದು ದಿನಬಳಕೆಗೆ ಬಂತು.

115 ಎಂದು ಬರೆದ ಪೆಟ್ಟಿಗೆ ಖಾಲಿ ಇರುವಾಗ 121 ತೋರಿಸುವುದನ್ನು ಕಂಡು ಅನೇಕರು ಮೋಸ ಹೋದೆವೆಂದುಕೊಂಡು ಹಿಂತಿರುಗಿಸುತ್ತಾರೆ. ಅದು ದೋಷವಲ್ಲ. ಪೂರ್ಣ ಹೊರೆ ಬಿದ್ದಾಗ ಸುರುಳಿಗಳ ರೋಧದಲ್ಲಿ ಕೆಲವು ವೋಲ್ಟ್ ಕಳೆದುಹೋಗುತ್ತವೆಂದು ತಿಳಿದೇ ತಯಾರಕರು ಸೆಕೆಂಡರಿಗೆ ಕೆಲವು ಸುತ್ತು ಹೆಚ್ಚಾಗಿ ಹಾಕಿರುತ್ತಾರೆ. ಇದನ್ನು ಪರೀಕ್ಷಿಸಲು ನನಗೆ ಸರಿಯಾಗಿ 500 ವ್ಯಾಟ್‌ನ ಹೊರೆ ಬೇಕಿತ್ತು. 230 ವೋಲ್ಟ್‌ಗೆಂದು ಮಾಡಿದ 2000 ವ್ಯಾಟ್ ರೂಮ್ ಹೀಟರೊಂದನ್ನು 115ಕ್ಕೆ ಜೋಡಿಸಿದೆ. ವೋಲ್ಟೇಜು ಅರ್ಧವಾದಾಗ ಕರೆಂಟೂ ಅರ್ಧವಾಗಿ, ಶಕ್ತಿ ನಾಲ್ಕನೆಯ ಒಂದು ಭಾಗಕ್ಕೆ, ಅಂದರೆ 500ಕ್ಕೆ, ಇಳಿಯುತ್ತದೆ. ಜೋಡಿಸಿದ ಕೂಡಲೇ ಔಟ್‌ಪುಟ್ 115ಕ್ಕೆ ಬಂದು ನಿಂತಿತು, ಮೂರು ಗಂಟೆಯ ನಂತರ ಸುರುಳಿ ಬಿಸಿಯೇರಿ 114 ಆಯಿತು. ಹೀಟರು ಇಲ್ಲದಾಗ ಪ್ರೈಮರಿ ಕಾಲು ಆಂಪಿಯರನ್ನಷ್ಟೇ ಎಳೆಯುತ್ತಿತ್ತು, ಹೀಟರು ಸೇರಿದೊಡನೆ ಅದು 2.3 ದಾಟಿತು. ಎರಡು ಸುರುಳಿಗಳ ನಡುವೆ ತಂತಿಯ ಸಂಬಂಧವೇ ಇಲ್ಲದಿರುವಾಗ ಆಚೆಯ ಹೊರೆ ಈಚೆಗೆ ತಿಳಿಯುವುದು ಫ್ಲಕ್ಸಿನ ಮೂಲಕವೇ: ಸೆಕೆಂಡರಿಯ ಕರೆಂಟು ಫ್ಲಕ್ಸನ್ನು ಕುಗ್ಗಿಸಲು ನೋಡುತ್ತದೆ, ಫ್ಲಕ್ಸ್ ಎಳ್ಳಷ್ಟು ಕುಗ್ಗಿದರೂ ಪ್ರೈಮರಿಯಲ್ಲಿ ಹುಟ್ಟುವ ಎದುರು ವೋಲ್ಟೇಜು ಕಡಿಮೆಯಾಗುತ್ತದೆ, ಆಗ ಮೇನ್ಸಿನಿಂದ ಹೆಚ್ಚು ಕರೆಂಟು ನುಗ್ಗಿ ಫ್ಲಕ್ಸನ್ನು ಮೊದಲಿನ ಮಟ್ಟಕ್ಕೆ ತರುತ್ತದೆ. ಯಾವ ಚಲಿಸುವ ಭಾಗವೂ, ಯಾವ ಎಲೆಕ್ಟ್ರಾನಿಕ್ ಚಿಪ್ಪೂ ಇಲ್ಲದೆ ನಡೆಯುವ ಈ ಹೊಂದಾಣಿಕೆಯನ್ನು ಮೀಟರಿನಲ್ಲಿ ಕಣ್ಣಾರೆ ನೋಡಿದಾಗ ಗೌರವ ಮೂಡುತ್ತದೆ.

ಬಿಸಿಯ ಲೆಕ್ಕವನ್ನೂ ನೋಡಿದೆ. ತಾಮ್ರದ ರೋಧ ಬಿಸಿಯೊಂದಿಗೆ ಏರುವುದರಿಂದ ಸುರುಳಿಯೇ ತನ್ನ ಥರ್ಮಾಮೀಟರು. 27 ಡಿಗ್ರಿಯಲ್ಲಿ 2.40 ಓಮ್ ಇದ್ದ ಪ್ರೈಮರಿ, ಪೂರ್ಣ ಹೊರೆಯ ಮೂರು ಗಂಟೆಯ ಬಳಿಕ ಪ್ಲಗ್ ಕಿತ್ತು ಅಳೆದಾಗ 2.95 ಓಮ್ ಆಗಿತ್ತು. ಅದರಿಂದ ಸುರುಳಿಯ ಸರಾಸರಿ ಉಷ್ಣತೆ ಸುಮಾರು 87 ಡಿಗ್ರಿ ಎಂದು ತಿಳಿಯುತ್ತದೆ. ಫಲಕದಲ್ಲಿರುವ ಬಿ ವರ್ಗದ ನಿರೋಧಕಕ್ಕೆ 130 ಡಿಗ್ರಿಯವರೆಗೆ ಮಿತಿಯಿರುವುದರಿಂದ ಸಾಕಷ್ಟು ಅಂತರವಿದೆ. ಒಳಹೋದ 533 ವ್ಯಾಟ್‌ಗೆ ಹೊರಬಂದದ್ದು 491, ಅಂದರೆ ದಕ್ಷತೆ ಶೇ. 92. ಈ ಗಾತ್ರದ ಟ್ರಾನ್ಸ್‌ಫಾರ್ಮರಿಗೆ ಇದು ಒಳ್ಳೆಯ ಅಂಕವೇ. ಡಬ್ಬಿಯ ಮೇಲಿನ 1000 ವ್ಯಾಟನ್ನು ನಂಬಿ ಇಮ್ಮಡಿ ಕರೆಂಟು ಎಳೆದರೆ ತಾಮ್ರದ ನಷ್ಟ ಇಮ್ಮಡಿಯಲ್ಲ, ನಾಲ್ಮಡಿಯಾಗುತ್ತದೆ. ಆ ಬರಹವನ್ನು ನಾನು ಇಷ್ಟು ಕಟುವಾಗಿ ಆಕ್ಷೇಪಿಸುವುದು ಅದಕ್ಕಾಗಿಯೇ.

ಖಾಲಿ ಇರುವಾಗಲೂ ಈ ಪೆಟ್ಟಿಗೆ 11 ವ್ಯಾಟ್ ತಿನ್ನುತ್ತದೆ. ಹೊರೆಯಿರಲಿ ಬಿಡಲಿ, ಕೋರು ಆವರ್ತಕ್ಕೊಮ್ಮೆ ಕಾಂತವಾಗಿ ಮತ್ತೆ ವಿರುದ್ಧ ದಿಕ್ಕಿಗೆ ಹೊರಳುವುದರ ವೆಚ್ಚ ಅದು. ವರ್ಷವಿಡೀ ಪ್ಲಗ್ಗಿನಲ್ಲೇ ಬಿಟ್ಟರೆ 96 ಯೂನಿಟ್ ಆಗುತ್ತದೆ. ಮುಂಭಾಗದ ಸ್ವಿಚ್ಚನ್ನು ಆರಿಸಿದರೆ ಇದು ನಿಲ್ಲಬೇಕಿತ್ತು, ಆದರೆ ನಿಲ್ಲುವುದಿಲ್ಲ, ಏಕೆಂದರೆ ಸ್ವಿಚ್ಚನ್ನು ಸೆಕೆಂಡರಿಯ ಬದಿಯಲ್ಲಿ ಹಾಕಿದ್ದಾರೆ. ದೀಪ ಆರುತ್ತದೆ, ಪ್ರೈಮರಿ ಮಾತ್ರ ಮೇನ್ಸಿಗೆ ಅಂಟಿಕೊಂಡೇ ಇರುತ್ತದೆ. ಇಷ್ಟು ಚೆನ್ನಾಗಿ ಸುರುಳಿ ಸುತ್ತಿದವರು ಒಂದು ಸ್ವಿಚ್ಚನ್ನು ಸರಿಯಾದ ಕಡೆ ಹಾಕಲಿಲ್ಲವೆಂಬುದು ನನಗೆ ನಿಜವಾಗಿ ಬೇಸರ ತಂದ ಸಂಗತಿ.

ಪ್ಲಗ್ ಹಾಕುವ ಕ್ಷಣದ ತೊಂದರೆಯೂ ಒಂದಿದೆ. ಇಪ್ಪತ್ತು ಬಾರಿ ಹಾಕಿ ತೆಗೆದು ನೋಡಿದಾಗ ಮೂರು ಬಾರಿ ‘ಧಡ್’ ಎಂಬ ಸದ್ದಿನೊಂದಿಗೆ 6 ಆಂಪಿಯರಿನ ಬಿ ಬಗೆಯ ಎಂಸಿಬಿ (ಕರೆಂಟು ಮಿತಿ ಮೀರಿದರೆ ತಾನೇ ಆರುವ ರಕ್ಷಣಾ ಸ್ವಿಚ್ಚು) ಬಿತ್ತು. ವೋಲ್ಟೇಜಿನ ಅಲೆ ಸೊನ್ನೆಯಲ್ಲಿರುವಾಗ ಸಂಪರ್ಕವಾದರೆ ಕೋರಿನ ಫ್ಲಕ್ಸ್ ಮೊದಲ ಅರ್ಧ ಆವರ್ತದಲ್ಲಿ ಎಂದಿನ ಗರಿಷ್ಠದ ಇಮ್ಮಡಿಗೆ ಏರಲು ಹೊರಡುತ್ತದೆ; ಉಕ್ಕು ಅಷ್ಟನ್ನು ಹೊರಲಾರದೆ ತುಂಬಿಹೋಗಿ, ಕೆಲವು ಆವರ್ತಗಳ ಕಾಲ ಕರೆಂಟು ಎಂದಿನ ಹತ್ತಾರು ಪಟ್ಟು ಹಾರುತ್ತದೆ. ಇದು ಎಲ್ಲ ಟ್ರಾನ್ಸ್‌ಫಾರ್ಮರುಗಳ ಸ್ವಭಾವ. ಸಿ ಬಗೆಯ ಎಂಸಿಬಿ ಇಂಥ ಕ್ಷಣಿಕ ನುಗ್ಗಾಟವನ್ನು ಹೆಚ್ಚು ಸಹಿಸುತ್ತದೆ. ಎಲೆಕ್ಟ್ರಿಷಿಯನ್ನರನ್ನು ಕೇಳಿ, ವೈರಿಂಗಿಗೆ ಹೊಂದಿದರೆ ಮಾತ್ರ ಬದಲಿಸಬೇಕು.

ಗುಂಯ್‌ಗುಡುವ ಸದ್ದು ಹಗಲಲ್ಲಿ ಕೇಳಿಸದು, ರಾತ್ರಿಯ ಮೌನದಲ್ಲಿ ಒಂದು ಮಾರು ದೂರಕ್ಕೆ ಕೇಳಿಸುತ್ತದೆ. ಉಕ್ಕು ಕಾಂತವಾದಾಗಲೆಲ್ಲ ಕೂದಲೆಳೆಗಿಂತಲೂ ಎಷ್ಟೋ ಕಡಿಮೆ ಪ್ರಮಾಣದಲ್ಲಿ ಹಿಗ್ಗಿ ಕುಗ್ಗುತ್ತದೆ, ಆವರ್ತಕ್ಕೆ ಎರಡು ಬಾರಿ. ಹಾಗಾಗಿ ಸದ್ದು 50ರದ್ದಲ್ಲ, 100 ಹರ್ಟ್ಸಿನದು. ಬೋಲ್ಟುಗಳನ್ನು ಸ್ವಲ್ಪ ಬಿಗಿ ಮಾಡಿದ ಮೇಲೆ ಅದು ಇನ್ನೂ ತಗ್ಗಿತು.

ಕೊಳ್ಳುವವರು ತೂಕದಲ್ಲಿ ಹಗುರವಾದದ್ದನ್ನು ಹುಡುಕಿದರೆ ಆಟೋಟ್ರಾನ್ಸ್‌ಫಾರ್ಮರು ಕೈಗೆ ಬರುವ ಸಾಧ್ಯತೆ ಹೆಚ್ಚು. ಅದರಲ್ಲಿ ಒಂದೇ ಸುರುಳಿ, ನಡುವಿನಿಂದ ಎಳೆದ ಒಂದು ತುದಿ. ವೋಲ್ಟೇಜು ಸರಿಯಾಗಿಯೇ ಇಳಿಯುತ್ತದೆ, ಆದರೆ ಔಟ್‌ಪುಟ್ ಮೇನ್ಸಿನಿಂದ ಬೇರ್ಪಡುವುದಿಲ್ಲ. ನನ್ನ ಏಳೂವರೆ ಕಿಲೋ ಪೆಟ್ಟಿಗೆಯಲ್ಲಿ ಎರಡು ಸುರುಳಿಗಳೂ ಪ್ರತ್ಯೇಕ, ಕೋರಿಗೆ ಅರ್ತ್ ತಂತಿಯಿದೆ. ನಿರೋಧಕದ ಗುಣವನ್ನು ಅಳೆಯುವ 500 ವೋಲ್ಟ್‌ನ ಮೆಗ್ಗರ್ ಮೀಟರಿನಲ್ಲಿ ಪರೀಕ್ಷಿಸಿದಾಗ ಸುರುಳಿಗಳ ನಡುವಿನ ರೋಧ 200 ಮೆಗಾಓಮ್ ಮೀರಿತ್ತು. ರಿಪೇರಿ ಮೇಜಿನ ಮೇಲೆ ಬಳಸುವವರಿಗೆ ಈ ಹೆಚ್ಚಿನ ಭಾರ ಸಾರ್ಥಕ.

ಇನ್ನು ಕೈಪಿಡಿಯ ದೊಡ್ಡ ತಪ್ಪು. 110ರಿಂದ 120 ವೋಲ್ಟ್‌ನ ಎಲ್ಲ ಉಪಕರಣಗಳಿಗೂ ಯೋಗ್ಯ ಎಂದು ಅದರಲ್ಲಿದೆ. ಸೋಲ್ಡರಿಂಗ್ ಸ್ಟೇಷನ್ನಿನ ಮಟ್ಟಿಗೆ ತೊಂದರೆಯಾಗಲಿಲ್ಲ, ಅದು ನಿಮಿಷದೊಳಗೆ ಕಾದು ಕೆಲಸಕ್ಕೆ ನಿಂತಿತು. ರೆಕಾರ್ಡ್ ಪ್ಲೇಯರಿನಲ್ಲಿ ಮಾತ್ರ ಗಾಯಕಿಯ ಧ್ವನಿ ಭಾರವಾಗಿ, ನಿದ್ದೆಗಣ್ಣಿನಲ್ಲಿ ಹಾಡಿದಂತೆ ಕೇಳಿಸಿತು. ತಟ್ಟೆಯ ಅಂಚಿಗೆ ಕಾಗದದ ಚೂರು ಅಂಟಿಸಿ ಎಣಿಸಿದೆ: ಮೂರು ನಿಮಿಷಕ್ಕೆ 100 ಸುತ್ತು ಆಗಬೇಕಾದಲ್ಲಿ 83 ಆಯಿತು. ಟ್ರಾನ್ಸ್‌ಫಾರ್ಮರು ವೋಲ್ಟೇಜನ್ನು ಬದಲಿಸುತ್ತದೆ, ಆವರ್ತನವನ್ನು ಮುಟ್ಟುವುದಿಲ್ಲ. 60 ಹರ್ಟ್ಸಿಗೆಂದು ಮಾಡಿದ, ಆವರ್ತನಕ್ಕೆ ತಕ್ಕ ವೇಗದಲ್ಲೇ ತಿರುಗುವ ಸಿಂಕ್ರೊನಸ್ ಮೋಟಾರು 50ರಲ್ಲಿ ಆರರಲ್ಲಿ ಐದು ಪಾಲು ವೇಗದಲ್ಲೇ ತಿರುಗುತ್ತದೆ. ಜೊತೆಗೆ, ಆವರ್ತನ ಇಳಿದಾಗ ಅದೇ ವೋಲ್ಟೇಜಿಗೆ ಮೋಟಾರಿನ ಕಬ್ಬಿಣದಲ್ಲಿ ಫ್ಲಕ್ಸ್ ಹೆಚ್ಚುತ್ತದೆ. 120 ವೋಲ್ಟ್‌ನ ಈ ಮೋಟಾರಿಗೆ 50 ಹರ್ಟ್ಸಿನಲ್ಲಿ ಸರಿಹೊಂದುವುದು 100 ವೋಲ್ಟ್. 115 ಕೊಟ್ಟಿದ್ದರಿಂದ ಅರ್ಧ ಗಂಟೆಯಲ್ಲಿ ಅದರ ಮೈ ಮುಟ್ಟಲಾರದಷ್ಟು ಕಾದಿತ್ತು. ಈ ಬಗ್ಗೆ ಕೈಪಿಡಿಯಲ್ಲಿ ಒಂದು ಸಾಲಿನ ಎಚ್ಚರಿಕೆ ಇರಲೇಬೇಕಿತ್ತು.

ಕೊನೆಗೆ ಮೋಟಾರಿನ ಸಾಲಿನಲ್ಲಿ ರೋಧಕವೊಂದನ್ನು ಹಾಕಿಸಿ ವೋಲ್ಟೇಜನ್ನು 100ಕ್ಕೆ ಇಳಿಸಿದೆ, ಬೆಲ್ಟ್ ಓಡುವ, ಮೋಟಾರಿನ ಪುಲ್ಲಿಯನ್ನು ಹಳೆಯದಕ್ಕಿಂತ ಐದನೆಯ ಒಂದು ಪಾಲು ಹೆಚ್ಚು ವ್ಯಾಸವಿರುವಂತೆ ಲೇತಿನಲ್ಲಿ ಕಡೆಸಿ ಕೂರಿಸಿದೆ. ಮತ್ತೆ ಕಾಗದದ ಚೂರು ಅಂಟಿಸಿ ಎಣಿಸಿದಾಗ ಮೂರು ನಿಮಿಷಕ್ಕೆ ಸರಿಯಾಗಿ 100 ಸುತ್ತು ಬಂತು. ಟ್ರಾನ್ಸ್‌ಫಾರ್ಮರಿಗೆ ಐದರಲ್ಲಿ ನಾಲ್ಕು ಅಂಕ ಕೊಡುತ್ತೇನೆ. ಕಳೆದ ಒಂದು ಅಂಕ ಸ್ವಿಚ್ಚಿಗೆ ಮತ್ತು ಡಬ್ಬಿಯ ಮೇಲಿನ ಆ 1000ಕ್ಕೆ.