ಅಮ್ಮ ಎಂಟು ವರ್ಷ ನುಂಗಿದ ಅಲೆಂಡ್ರೊನೇಟ್ ಮಾತ್ರೆ

ಮೂಳೆ ಸವೆತಕ್ಕೆ ಅಂತ ವಾರಕ್ಕೊಂದು 70 ಮಿಲಿಗ್ರಾಂ ಮಾತ್ರೆ. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಒಂದು ಲೋಟ ಬರೀ ನೀರಿನ ಜೊತೆ ನುಂಗಬೇಕು, ಆಮೇಲೆ ಅರ್ಧ ಗಂಟೆ ಮಲಗುವ ಹಾಗಿಲ್ಲ, ಕಾಫಿಯೂ ಇಲ್ಲ. ಅಮ್ಮ ಒಂದು ಭಾನುವಾರವೂ ತಪ್ಪಿಸಲಿಲ್ಲ. ಮಾತ್ರೆ ಕೆಲಸ ಮಾಡುತ್ತದೆ, ಅದರಲ್ಲಿ ಅನುಮಾನವಿಲ್ಲ. ಬೆನ್ನುಮೂಳೆ, ಸೊಂಟದ ಮೂಳೆ ಮುರಿಯುವ ಅಪಾಯ ಕಡಿಮೆಯಾಗುತ್ತದೆ.

ಆದರೆ ಕಳೆದ ವರ್ಷ ತೊಡೆಯಲ್ಲಿ ಮಂದ ನೋವು ಶುರುವಾಯಿತು. ವಯಸ್ಸಿನ ನೋವು ಅಂದರು, ನಾವೂ ನಂಬಿದೆವು. ಮೂರು ತಿಂಗಳಾದ ಮೇಲೆ ಅಡುಗೆಮನೆಯಲ್ಲಿ, ಬೀಳದೆ, ಸುಮ್ನೆ ತಿರುಗಿದ್ದಕ್ಕೇ ತೊಡೆಮೂಳೆ ಅಡ್ಡಕ್ಕೆ ಮುರಿಯಿತು! ಒಳಗೆ ರಾಡ್ ಹಾಕಿಸಬೇಕಾಯಿತು. ಈ ಮಾತ್ರೆ ಹಳೆ ಮೂಳೆ ಕರಗುವುದನ್ನು ತಡೆಯುತ್ತದೆ, ಆದರೆ ಹಾಗೆ ಕರಗಿ ಹೊಸದು ಕಟ್ಟುವ ಕೆಲಸವೇ ನಿಧಾನವಾದಾಗ ಸಣ್ಣ ಬಿರುಕುಗಳು ರಿಪೇರಿಯಾಗದೆ ಉಳಿಯಬಹುದು ಅಂತ ಆಮೇಲೆ ತಿಳಿಯಿತು. ಇಂಥ ತೊಡೆಮೂಳೆ ಮುರಿತದ ಬಗ್ಗೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2010ರಲ್ಲೇ ಎಚ್ಚರಿಸಿತ್ತು. ಅಪರೂಪ ನಿಜ, ಆದರೆ ನುಂಗಿದ ವರ್ಷ ಹೆಚ್ಚಾದಷ್ಟೂ ಅಪಾಯ ಜಾಸ್ತಿ.

ಹೆದರಿ ನೀವೇ ನಿಲ್ಲಿಸಬೇಡಿ. ಐದು ವರ್ಷ ಆಗಿದ್ದರೆ ಮುಂದುವರಿಸಬೇಕಾ ಅಂತ ಡಾಕ್ಟರನ್ನು ಕೇಳಿ. ತೊಡೆ, ತೊಡೆಸಂದು ನೋಯುತ್ತಿದ್ದರೆ ಎರಡೂ ಕಾಲಿನ ಎಕ್ಸ್‌ರೇ ತೆಗೆಸಿ. ಅಮ್ಮನ ಇನ್ನೊಂದು ಕಾಲಲ್ಲೂ ಬಿರುಕಿತ್ತು.